ಮೂವತ್ತೆಂಟು ಮಂದಿಗೆ ಒಂದೇ ನಂಬರು

ನಮ್ಮ ಕ್ಲಿನಿಕ್ಕಿನ ಪಟ್ಟಿ ಹೊರಗೆ ಹೋಗಿಲ್ಲ. ಒಟ್ಟು ಐದೇ ಪದ. ಕೌಂಟರಿನ ಗಾಜು ಒರೆಸುತ್ತ ಅವಳು ಅದನ್ನು ಏಳನೆಯ ಸಲವೋ ಎಂಟನೆಯ ಸಲವೋ ಹೇಳಿಕೊಂಡಳು. ಒಂದು ಸಲ ಶಾಲೆಯ ಮಗು ಪಾಠ ಒಪ್ಪಿಸಿದ ಹಾಗೆ ಕೇಳಿಸಿತು, ಇನ್ನೊಂದು ಸಲ ಬಾಡಿಗೆ ಮನೆಯ ಯಜಮಾನನ ಎದುರು ಗೋಗರೆದ ಹಾಗೆ. ಇಷ್ಟು ಚಿಕ್ಕ ವಾಕ್ಯಕ್ಕೆ ಇಷ್ಟೊಂದು ದನಿಗಳಿರುತ್ತವೆಂದು ಹತ್ತೊಂಬತ್ತು ವರ್ಷ ಈ ಗಾಜಿನ ಹಿಂದೆ ಕುಳಿತವಳಿಗೆ ಗೊತ್ತಿರಲಿಲ್ಲ. ಹನ್ನೊಂದು ಗಂಟೆಗೆ ಚುನಾವಣಾ ಅಧಿಕಾರಿಯ ಕೋಣೆಯಲ್ಲಿ ಅದನ್ನು ಒಂದೇ ಸಲ, ಒಂದೇ ದನಿಯಲ್ಲಿ ಹೇಳಿದರೆ ಮುಗಿಯಿತು, ಆಮೇಲೆ ಕಾರಿನಲ್ಲೇ ವಾಪಸು ಕರೆತರುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಮುಗಿಯುವುದು ಏನು ಎಂದು ಅವಳು ಕೇಳಿರಲಿಲ್ಲ. ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೇಳಬಾರದ ಪ್ರಶ್ನೆಗಳೇ ಹೆಚ್ಚು. ಬಂದವರ ಕಣ್ಣು ನೋಡಬೇಕು, ಕಲೆ ನೋಡಬಾರದು. ಇದು ಯಾರೂ ಹೇಳಿಕೊಡದೆ ಅವಳೇ ಮಾಡಿಕೊಂಡ ನಿಯಮ. ಮೂರು ಬೆಂಚು, ಒಂದು ತೂಕದ ಯಂತ್ರ, ಗೋಡೆಯ ಮೇಲೆ ಚರ್ಮದ ಪದರಗಳನ್ನು ಬಿಡಿಸಿ ತೋರಿಸುವ ಚಿತ್ರ, ಎಷ್ಟು ಫಿನಾಯಿಲ್ ಹಾಕಿ ಒರೆಸಿದರೂ ಹೋಗದ ಮುಲಾಮಿನ ವಾಸನೆ. ಇಲ್ಲಿ ಜನ ಒಬ್ಬರ ಪಕ್ಕ ಒಬ್ಬರು ಕೂರುವುದಿಲ್ಲ, ಮಧ್ಯೆ ಒಂದು ಜಾಗ ಬಿಡುತ್ತಾರೆ, ಬೆಂಚು ತುಂಬಿದರೆ ನಿಂತೇ ಇರುತ್ತಾರೆ. ಅವರನ್ನು ಹೆಸರು ಹಿಡಿದು ಕೂಗದೆ, ಬೆರಳಿನ ಸನ್ನೆಯಲ್ಲೇ ಒಳಗೆ ಕಳಿಸುವ ಜಾಣತನ ಅವಳದು. ಅದಕ್ಕೇ ಎಲ್ಲರೂ ಅವಳನ್ನು ಕೌಂಟರಮ್ಮ ಎಂದು ಪ್ರೀತಿಯಿಂದ ಕರೆಯುತ್ತಾರೆ, ಅಥವಾ ಕಳೆದ ವಾರದವರೆಗೆ ಕರೆಯುತ್ತಿದ್ದರು.

ಹೊಗಳಿಕೆಗೆ ಬಿದ್ದುಹೋದೆ ಎಂದುಕೊಂಡಳು. ಯಾರಾದರೂ ಹೆದರಿಸಿ ರೋಗಿಗಳ ಪಟ್ಟಿ ಕಿತ್ತುಕೊಂಡಿದ್ದರೆ ಇವತ್ತು ಎಷ್ಟು ಹಾಯಾಗಿರುತ್ತಿತ್ತು. ಡಾಕ್ಟರ ಬಾಮೈದ ಹಾಗೆ ಮಾಡಲಿಲ್ಲ. ಬಿಳಿ ಬೂಟು ಹಾಕಿಕೊಂಡು ಬಂದ, ಕೌಂಟರಿನ ಮೇಲೆ ಮೊಣಕೈ ಊರಿದ, ಕಂಪ್ಯೂಟರಿನ ಪರದೆಯತ್ತ ಬಗ್ಗಿ ನೋಡಿ, ಅಕ್ಕಾ, ಇಷ್ಟು ಅಚ್ಚುಕಟ್ಟಾದ ಪಟ್ಟಿ ನಾನು ಬ್ಯಾಂಕಿನಲ್ಲೂ ನೋಡಿಲ್ಲ ಎಂದ. ಹತ್ತೊಂಬತ್ತು ವರ್ಷದಲ್ಲಿ ಆ ಪಟ್ಟಿಯನ್ನು ಯಾರೂ ನೋಡಿಯೇ ಇರಲಿಲ್ಲ. ಡಾಕ್ಟರಿಗೆ ಅದು ಗೋಡೆಯ ಗಡಿಯಾರವಿದ್ದಂತೆ, ನಿಂತಾಗ ಮಾತ್ರ ನೆನಪಾಗುವ ವಸ್ತು. ಬಾಮೈದ ಈ ಕ್ಷೇತ್ರದ ಅಭ್ಯರ್ಥಿಯ ಬಲಗೈ ಎಂದು ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಕ್ಲಿನಿಕ್ಕಿಗೆ ಇಪ್ಪತ್ತೈದು ವರ್ಷ ತುಂಬಿತಲ್ಲ, ಎಲ್ಲರಿಗೂ ಒಂದು ಶುಭಾಶಯ ಕಳಿಸೋಣ ಅಂತ, ಬಾವನೂ ಒಪ್ಪಿದ್ದಾರೆ ಎಂದು ಅವನು ಅಂದಾಗ ಅವಳು ನಂಬಿದಳು. ನಂಬಿದಳೇ? ಪೆನ್ ಡ್ರೈವ್ ಅವಳ ಕೈಯಿಂದ ಅವನ ಕೈಗೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಂಬಿದಳು. ಅಲ್ಲಿಗೂ ನಿಲ್ಲಲಿಲ್ಲ. ಯಾರಿಗೆ ಏನು ಕಾಯಿಲೆ ಅಂತ ಒಂದು ಖಾನೆ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಆದರೆ ಎರಡು ಸಾವಿರದ ಆರುನೂರು ಜನ, ಯಾರ ಕೈಲಾಗುತ್ತೆ ಬಿಡಿ ಎಂದು ಅವನು ನಿಟ್ಟುಸಿರು ಬಿಟ್ಟ. ಯಾರ ಕೈಲಾಗುತ್ತದೆಂದು ತೋರಿಸಲು ಅವಳು ನಾಲ್ಕು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಕುಳಿತಳು. ಹಳೆಯ ಚೀಟಿಗಳನ್ನೆಲ್ಲ ತೆಗೆದು ಸಾಲು ಸಾಲಾಗಿ ತುಂಬಿದಳು. ತಾನೂ ಇದೇ ಡಾಕ್ಟರ ಹತ್ತಿರ ತೋರಿಸಿಕೊಂಡವಳಾದ್ದರಿಂದ ತನ್ನ ಸಾಲೂ ಬಂತು, ಬೆರಳು ಒಂದು ಕ್ಷಣ ತಡೆಯಿತು. ಅಷ್ಟೆಲ್ಲ ಹೊಗಳಿಸಿಕೊಂಡ ಮೇಲೆ ಒಂದು ಖಾನೆ ಖಾಲಿ ಬಿಡುವುದು ಅವಳ ಮನಸ್ಸಿಗೆ ಬರಲಿಲ್ಲ. ಅದನ್ನೂ ತುಂಬಿ, ಪೆನ್ ಡ್ರೈವನ್ನು ಮತ್ತೊಮ್ಮೆ ಅವನ ಕೈಗಿಟ್ಟಳು.

ಆ ಪಟ್ಟಿಯಲ್ಲಿ ಒಂದು ಹುಳುಕಿತ್ತು. ಅದು ಅವಳಿಗೆ ಮಾತ್ರ ಗೊತ್ತಿದ್ದ, ಅವಳೂ ಮರೆತಿದ್ದ ಹುಳುಕು. ಫೋನ್ ನಂಬರಿನ ಖಾನೆಯಲ್ಲಿ ಹತ್ತು ಅಂಕಿ ಬೀಳದೆ ಆ ಕಂಪ್ಯೂಟರು ಮುಂದಕ್ಕೆ ಹೋಗುತ್ತಿರಲಿಲ್ಲ, ಮೊಂಡು ಎತ್ತಿನ ಹಾಗೆ ಅಲ್ಲೇ ನಿಲ್ಲುತ್ತಿತ್ತು. ಆದರೆ ಬರುವವರೆಲ್ಲರ ಹತ್ತಿರ ಫೋನು ಎಲ್ಲಿರುತ್ತದೆ? ಇದ್ದರೂ ಕೆಲವರು ಕೊಡುವುದಿಲ್ಲ. ಮನೆಯಲ್ಲಿ ಗೊತ್ತಿಲ್ಲ ಕೌಂಟರಮ್ಮ, ಫೋನು ಅವರ ಹತ್ತಿರ ಇರುತ್ತೆ ಕೌಂಟರಮ್ಮ, ಬೇಡ ಬಿಡಿ, ತೋರಿಸಿಕೊಳ್ಳದೆ ಹಾಗೇ ಹೋಗ್ತೀನಿ. ಹೋಗಲು ಬಿಡುವುದು ಹೇಗೆ? ಅಂಥವರ ಖಾನೆಯಲ್ಲಿ ಅವಳು ತನ್ನದೇ ನಂಬರು ಹಾಕುತ್ತಿದ್ದಳು. ಪರೀಕ್ಷೆಯ ವರದಿ ಬಂತೆಂದು ಲ್ಯಾಬಿನವರು ಅವಳಿಗೇ ಹೇಳುತ್ತಿದ್ದರು, ಅಂಥವರು ಮುಂದಿನ ಸಲ ಬಂದಾಗ ಅವಳು ಕಿವಿಯ ಹತ್ತಿರ ಬಗ್ಗಿ ತಿಳಿಸುತ್ತಿದ್ದಳು. ಡಾಕ್ಟರಿಗೆ ಈ ವಿಷಯ ಗೊತ್ತಿರಲಿಲ್ಲ. ವರ್ಷಗಳು ಕಳೆಯುವಷ್ಟರಲ್ಲಿ ಅಂಥವರು ಮೂವತ್ತೇಳು ಜನ ಆಗಿದ್ದರು. ಒಂದು ಬೆಳಿಗ್ಗೆ, ಸರಿಯಾಗಿ ಹನ್ನೊಂದೂವರೆಗೆ, ಕೌಂಟರಿನಲ್ಲಿ ನೂಕುನುಗ್ಗಲಿದ್ದಾಗ ಅವಳ ಫೋನು ಗುರ್ ಎಂದಿತು. ಮತ್ತೆ ಗುರ್. ಮತ್ತೆ. ಸೆರಗಿನಲ್ಲಿ ಕೈ ಒರೆಸಿಕೊಂಡು ನೋಡಿದರೆ ಅಭ್ಯರ್ಥಿಯ ನಗುವ ಮುಖ, ಅದರ ಕೆಳಗೆ ಬೇರೆ ಯಾರದೋ ಹೆಸರು, ಆಕೆಯ ಕಾಯಿಲೆ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ ಎಂಬ ಮಾತು, ಗೆದ್ದರೆ ಔಷಧಿ ಉಚಿತ ಎಂಬ ಭರವಸೆ. ಮುಂದಿನದರಲ್ಲಿ ಇನ್ನೊಬ್ಬರ ಹೆಸರು, ಇನ್ನೊಂದು ಕಾಯಿಲೆ. ಮೂವತ್ತೇಳು ಮಂದಿಯ ಗುಟ್ಟು ಅವಳ ಅಂಗೈಯಲ್ಲಿ ಒದ್ದಾಡುತ್ತಿತ್ತು, ಮೂವತ್ತೆಂಟನೆಯದು ಅವಳದೇ. ಹಾಗಾದರೆ ಉಳಿದ ಎರಡೂವರೆ ಸಾವಿರ ಮಂದಿಯದು ಯಾರ ಯಾರ ಅಂಗೈಯಲ್ಲಿ? ಟೋಕನ್ ಕೊಡಿ ಎಂದು ಎದುರಿಗಿದ್ದವರು ಗಾಜು ಕುಟ್ಟಿದರು. ಅವಳು ಟೋಕನ್ ಕೊಟ್ಟಳು. ಮರುದಿನವೂ ಅದೇ ಹೊತ್ತಿಗೆ ಫೋನು ಗುರ್ ಎಂದಿತು, ಅದರ ಮರುದಿನವೂ.

ಅಡುಗೆಯಮ್ಮ ಬಂದದ್ದು ಮೊದಲ ಸಂದೇಶ ಬಂದ ಐದನೆಯ ದಿನ, ಗುರುವಾರ. ಹುಡುಗಿಯರ ಹಾಸ್ಟೆಲಿನ ಅಡುಗೆಯಾಕೆ. ಹನ್ನೊಂದು ವರ್ಷದಿಂದ ಅಲ್ಲಿ ಅರವತ್ತು ಜನರಿಗೆ ಎರಡು ಹೊತ್ತು ಬೇಯಿಸುತ್ತಿದ್ದವರು. ಮೊಣಕೈ ಮೇಲೆ ಸೋರಿಯಾಸಿಸ್, ಚಳಿ ಬಂದಾಗ ಹೊಟ್ಟು ಹೊಟ್ಟಾಗಿ ಏಳುತ್ತದೆ, ಯಾರಿಗೂ ಅಂಟುವಂಥದ್ದಲ್ಲ. ಉದ್ದ ತೋಳಿನ ರವಿಕೆ ತೊಟ್ಟು, ಒಲೆಯ ಮುಂದೆ ಬೆವರಿಳಿಸಿಕೊಂಡು ಹನ್ನೊಂದು ವರ್ಷ ಮುಚ್ಚಿಟ್ಟದ್ದನ್ನು ಒಂದು ಸಂದೇಶ ಬಿಚ್ಚಿತ್ತು. ಮೊದಲ ಸಲ ಬಂದಾಗ ಸ್ವಂತ ಫೋನಿಲ್ಲದೆ ಹಾಸ್ಟೆಲಿನ ಆಫೀಸಿನ ನಂಬರು ಬರೆಸಿದ್ದರಂತೆ, ವಾರ್ಡನ್ ಮೇಡಂ ಅದನ್ನು ಓದಿದರಂತೆ, ಹುಡುಗಿಯರ ಕಿವಿಗೂ ಬಿತ್ತಂತೆ, ನಾಳೆಯಿಂದ ಅಡುಗೆಮನೆಗೆ ಬರಬೇಡಿ ಎಂದರಂತೆ. ಇದನ್ನೆಲ್ಲ ಅವರು ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ, ಗಾಜಿನ ಆಚೆಯಿಂದ ಹೇಳಿದರು. ಆಮೇಲೆ, ಚುನಾವಣೆ ಆಫೀಸಿಗೆ ಒಂದು ಅರ್ಜಿ ಬರೆದುಕೊಟ್ಟಿದೀನಿ, ಆ ಅಭ್ಯರ್ಥಿಗೆ ನನ್ನ ಕಾಯಿಲೆ ವಿಷಯ ಹೇಗೆ ಗೊತ್ತಾಯಿತು ಅಂತ ನಿಮಗೇನಾದರೂ ಗೊತ್ತಾ ಕೌಂಟರಮ್ಮ ಎಂದು ಕೇಳಿದರು. ಅವಳು ಆಕೆಯ ಕಣ್ಣು ನೋಡಬೇಕಿತ್ತು, ನಿಯಮವೇ ಅದಲ್ಲವೇ. ನೋಡಿದ್ದು ಮಾತ್ರ ತೋಳು. ಗೊತ್ತಿಲ್ಲಮ್ಮ ಎಂದಳು. ಅಡುಗೆಯಮ್ಮ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡು, ಆಗಲಿ, ನಿಮಗೆ ತೊಂದರೆ ಕೊಟ್ಟೆ ಎಂದು ಹೊರಟುಹೋದರು. ತೊಂದರೆ ಕೊಟ್ಟೆ ಎಂದ ಆ ಮಾತನ್ನು ಅವಳು ಅವತ್ತಿನಿಂದ ಎಲ್ಲಿ ಇಡಬೇಕೆಂದು ತಿಳಿಯದೆ ಹೊತ್ತುಕೊಂಡು ತಿರುಗಿದ್ದಾಳೆ.

ಮನೆಯಲ್ಲಿ ಗಂಡನಿಗೆ ಅರ್ಧ ಹೇಳಿದ್ದಳು. ಹೊಲಿಗೆ ಯಂತ್ರ ರಿಪೇರಿ ಮಾಡುವ ಮನುಷ್ಯ, ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದರೆ ಸರಿಹೋಗುತ್ತದೆ ಎಂದು ನಂಬಿದವನು. ಡಾಕ್ಟರು ಹೇಳಿಕೊಟ್ಟಷ್ಟು ಹೇಳಿ ಬಾ, ಊರ ಉಸಾಬರಿ ನಮಗ್ಯಾಕೆ ಎಂದು ಎಣ್ಣೆಯ ಕೈಯಲ್ಲೇ ಟೀ ಲೋಟ ಹಿಡಿದು ಅಂದಿದ್ದ. ಅವನ ಮಾತಿನಲ್ಲಿ ಕೆಟ್ಟತನ ಇರಲಿಲ್ಲ, ಡಾಕ್ಟರ ಮಾತಿನಲ್ಲೂ ಇರಲಿಲ್ಲ, ಕಷ್ಟವೇ ಅದು. ನಿನ್ನೆ ಡಾಕ್ಟರು ಅವಳನ್ನು ಒಳಗೆ ಕರೆದು, ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂರಿಸಿದ್ದರು. ಬಾಮೈದ ಕಿಟಕಿಯ ಹತ್ತಿರ ನಿಂತಿದ್ದ. ಪಾರ್ಕಿನಲ್ಲಿ ಒಂದು ಆರೋಗ್ಯ ಶಿಬಿರ ಮಾಡಿದ್ದೆವು ಅಕ್ಕಾ, ಜನ ತಾವಾಗಿಯೇ ಬಂದು ಕಾಯಿಲೆ ಬರೆಸಿ, ನಂಬರು ಕೊಟ್ಟು, ಸಹಿ ಹಾಕಿ ಹೋದರು, ಅಡುಗೆಯವಳೂ ಬಂದಿದ್ದಳು, ಈಗ ಯಾರದೋ ಮಾತು ಕೇಳಿ ಅರ್ಜಿ ಕೊಟ್ಟಿದ್ದಾಳೆ, ಫಾರಂಗಳೆಲ್ಲ ನಮ್ಮ ಹತ್ತಿರ ಇವೆ ಎಂದ. ಅವನು ಸುಳ್ಳು ಹೇಳುತ್ತಿದ್ದಾನೆಂದು ಮೂವರಿಗೂ ಗೊತ್ತಿತ್ತು, ಮೂವರಿಗೂ ಗೊತ್ತಿದ್ದದ್ದರಿಂದ ಯಾರೂ ಅದನ್ನು ಸುಳ್ಳು ಎನ್ನಲಿಲ್ಲ. ಡಾಕ್ಟರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ನೀನು ಈ ಮನೆಯ ಮಗಳಿದ್ದ ಹಾಗೆ ಕಣಮ್ಮ, ಒಂದು ಮಾತು ಹೇಳಿದರೆ ಸಾಕು ಎಂದಿದ್ದರು. ಆ ಮಾತಿನಿಂದ ಅಡುಗೆಯಮ್ಮ ಸುಳ್ಳುಗಾತಿಯಾಗುತ್ತಾರೆ, ಹಾಸ್ಟೆಲಿನ ಬಾಗಿಲು ಅವರಿಗೆ ಇನ್ನು ತೆರೆಯುವುದಿಲ್ಲ ಎಂಬುದನ್ನು ಆ ಕೋಣೆಯಲ್ಲಿ ಯಾರೂ ಆಡಲಿಲ್ಲ. ಮನೆಯ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ಯಾರಾದರೂ ಮಾತಾಡುತ್ತಾರೆಯೇ ಎಂದು ಅವಳಿಗೆ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ.

ಹತ್ತೂವರೆಗೆ ಕಾರು ಬಂತು. ನಡೆದೇ ಬರುತ್ತೇನೆ ಸಾರ್, ಎರಡೇ ಬೀದಿ ಎಂದಳು. ಡಾಕ್ಟರು ಅವಳ ಮುಖ ನೋಡಿ ಕಾರು ಹತ್ತಿದರು. ಬೀದಿಯಲ್ಲಿ ಅಭ್ಯರ್ಥಿ ಪ್ರತಿ ಕಂಬದಲ್ಲೂ ನಗುತ್ತಿದ್ದ. ಔಷಧಿ ಅಂಗಡಿಯ ಮುಂದೆ ನಿಂತಿದ್ದ ನಿವೃತ್ತ ಮೇಷ್ಟ್ರು ಎಂದಿನಂತೆ ಕೈ ಎತ್ತಿ ಮಾತಾಡಿಸಲಿಲ್ಲ, ಟೋಪಿ ಕಿವಿಯವರೆಗೆ ಎಳೆದುಕೊಂಡು ರಸ್ತೆಯ ಆ ಬದಿಗೆ ದಾಟಿದರು. ಅವರ ಸಾಲು ಎಷ್ಟನೆಯದು ಎಂದು ಅವಳಿಗೆ ಗೊತ್ತಿತ್ತು, ಅದರಲ್ಲಿ ತಾನು ಏನು ತುಂಬಿದೆ ಎಂದೂ. ಈ ಬೀದಿಯಲ್ಲಿ ತಾನು ಇನ್ನು ಯಾರ ಮುಖವನ್ನೂ ನೋಡುವಂತಿಲ್ಲ, ನೋಡಿದರೆ ಮುಖವಲ್ಲ, ತಾನು ಬರೆದ ಖಾನೆಯೇ ಕಾಣುತ್ತದೆ. ಒಂದು ಸುಳ್ಳು ಹೇಳಿ ಕೌಂಟರು ಉಳಿಸಿಕೊಂಡರೆ ನಾಳೆ ಅದೇ ಗಾಜು, ಅದೇ ಟೋಕನ್, ಅದೇ ಕೌಂಟರಮ್ಮ. ಆದರೆ ಬರುವವರು ಯಾರು? ಯಾರೂ ಬರದ ಕ್ಲಿನಿಕ್ಕಿಗೆ ಕೌಂಟರು ಯಾಕೆ? ಈ ಲೆಕ್ಕಾಚಾರ ಎಷ್ಟು ಸರಳವಾಗಿ ಬಂತೆಂದರೆ ಅವಳಿಗೆ ನಡುಬೀದಿಯಲ್ಲಿ ನಗು ಬಂತು. ಭಯ ಹೋಗಿರಲಿಲ್ಲ, ಅದರ ಪಕ್ಕದಲ್ಲೇ ನಗುವೂ ಕಾಲು ಹಾಕುತ್ತಿತ್ತು.

ಅಧಿಕಾರಿಯ ಕೋಣೆ ಒಂದು ಹಳೆಯ ಶಾಲೆಯ ಮೇಲ್ಮಹಡಿಯಲ್ಲಿತ್ತು, ಬೋರ್ಡಿನ ಮೇಲೆ ಯಾರೋ ಭಾಗಾಕಾರ ಅರ್ಧಕ್ಕೆ ಬಿಟ್ಟಿದ್ದರು. ಅಧಿಕಾರಿ ಅವಳದೇ ವಯಸ್ಸಿನ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಇಳಿಬಿಟ್ಟುಕೊಂಡು ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿ ನೀರು ಕುಡಿಯುತ್ತಿದ್ದರು. ಪಕ್ಕದಲ್ಲಿ ಹೇಳಿಕೆ ಬರೆದುಕೊಳ್ಳುವ ಗುಮಾಸ್ತ. ಒಂದು ಕಡೆ ಡಾಕ್ಟರು, ಬಾಮೈದ. ಇನ್ನೊಂದು ಕಡೆ ಅಡುಗೆಯಮ್ಮ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಮಗುವನ್ನು ಹಿಡಿದ ಹಾಗೆ ಹಿಡಿದಿದ್ದರು. ಬಾಮೈದ ಫಾರಂಗಳ ದೊಡ್ಡ ಕಟ್ಟು ತಂದಿದ್ದ. ಪಾರ್ಕಿನ ಶಿಬಿರದಲ್ಲಿ ಜನ ಖುಷಿಯಿಂದ ಕೊಟ್ಟದ್ದು ಮೇಡಂ, ನೋಡಿ, ಎರಡು ಸಾವಿರದ ಆರುನೂರು ಸಹಿ ಎಂದು ಒಂದೊಂದೇ ಸರಿಸಿ ತೋರಿಸಿದ. ಅಡುಗೆಯಮ್ಮನ ಹೆಸರಿನ ಫಾರಮ್ಮೂ ಇತ್ತು, ಕೆಳಗೆ ಸಹಿಯೂ ಇತ್ತು. ನಾನು ಪಾರ್ಕಿಗೆ ಹೋಗಿಲ್ಲ ಎಂದರು ಅಡುಗೆಯಮ್ಮ, ಆದರೆ ಆ ಸಹಿಯನ್ನು ನೋಡಿದ ಮೇಲೆ ಅವರ ದನಿಗೇ ಅನುಮಾನ ಬಂದಂತಿತ್ತು. ಅಷ್ಟು ಜನರ ಸಹಿ ಹಾಗಲ್ಲ ಎನ್ನುವಾಗ ಒಬ್ಬರಿಗೆ ತಮ್ಮ ನೆನಪಿನ ಮೇಲೇ ಸಂಶಯ ಬರುವುದು ಹೊಸದೇನಲ್ಲ. ಅಧಿಕಾರಿ ಅವಳ ಕಡೆ ತಿರುಗಿ, ಕ್ಲಿನಿಕ್ಕಿನವರು ನೀವೇನು ಹೇಳ್ತೀರಿ ಎಂದರು.

ಅವಳು ಎದ್ದು ನಿಂತಳು. ನಿಲ್ಲಬೇಕಾಗಿರಲಿಲ್ಲ, ಶಾಲೆಯ ಕೋಣೆಯಾದ್ದರಿಂದ ಕಾಲುಗಳೇ ಎದ್ದವು. ಬಾಯಿಪಾಠ ಮಾಡಿದ ವಾಕ್ಯ ತುದಿನಾಲಿಗೆಯಲ್ಲಿ ಸಿದ್ಧವಾಗಿತ್ತು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಬಾಮೈದ ಅವಳತ್ತ ನೋಡಿ ನಕ್ಕ. ಅದೇ ನಗು, ಅಕ್ಕಾ ಇಷ್ಟು ಅಚ್ಚುಕಟ್ಟಾದ ಪಟ್ಟಿ ಎಂದಾಗಿನ ನಗು. ಅದಕ್ಕೆ ತಾನು ಅವತ್ತು ಹೇಗೆ ಹಲ್ಲು ಕಿರಿದಿದ್ದೆ ಎಂಬುದು ನೆನಪಾಗಿ ಅವಳಿಗೆ ಮೈ ಉರಿಯಿತು. ಸಿಟ್ಟು ಇಷ್ಟು ಒಳ್ಳೆಯ ಊರುಗೋಲು ಎಂದು ಅವಳಿಗೆ ತಿಳಿದಿರಲಿಲ್ಲ.

"ಪಟ್ಟಿ ಹೊರಗೆ ಹೋಗಿದೆ ಮೇಡಂ," ಎಂದಳು. "ನಾನೇ ಕೊಟ್ಟೆ. ಇವರ ಕೈಗೆ. ಯಾರಿಗೆ ಏನು ಕಾಯಿಲೆ ಅನ್ನೋದನ್ನೂ ನಾನೇ ಕೂತು ತುಂಬಿದ್ದು."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಅಧಿಕಾರಿಯ ಮುಖ ನೋಡಿದ. ಅಡುಗೆಯಮ್ಮ ಅವಳನ್ನು ನೋಡಿದರು. ಆ ನೋಟವನ್ನು ಅವಳು ಈ ಸಲ ತಪ್ಪಿಸಿಕೊಳ್ಳಲಿಲ್ಲ, ಪೂರ್ತಿಯಾಗಿ ಮುಖದ ಮೇಲೆ ಬೀಳಗೊಟ್ಟಳು. ಎಲ್ಲರಿಗಿಂತ ಮೊದಲು ಸಾವರಿಸಿಕೊಂಡವನು ಬಾಮೈದನೇ. ಅಕ್ಕನಿಗೆ ಹುಷಾರಿಲ್ಲ ಮೇಡಂ, ಪಾಪ ಹೆದರಿದಾರೆ, ಇವರ ಪಟ್ಟಿ ನಾವು ಕಣ್ಣಿಂದಲೂ ನೋಡಿಲ್ಲ, ಬೇಕಿದ್ದರೆ ಬಾವನನ್ನೇ ಕೇಳಿ ಎಂದ. ಡಾಕ್ಟರು ನೆಲ ನೋಡಿದರು. ಅಧಿಕಾರಿ ನಿಧಾನವಾಗಿ ಕನ್ನಡಕ ಏರಿಸಿಕೊಂಡು, ನೀವು ಕೊಟ್ಟಿರಿ ಅಂತೀರಿ, ಅವರು ಇಲ್ಲ ಅಂತಾರೆ, ಫಾರಂಗಳಂತೂ ಎದುರಿಗಿವೆ, ನಿಮ್ಮ ಮಾತಿಗೆ ಏನಾದರೂ ಆಧಾರ ಇದೆಯಾ ಎಂದು ಕೇಳಿದರು. ಅವಳು ಗೋಡೆಯ ಗಡಿಯಾರ ನೋಡಿದಳು. ಹನ್ನೊಂದು ಇಪ್ಪತ್ತು. ಒಂಬತ್ತು ದಿನದಿಂದ ಒಂದು ದಿನವೂ ತಪ್ಪದೆ ಸಂದೇಶಗಳು ಬರುವ ಹೊತ್ತು ಇನ್ನು ಹತ್ತು ನಿಮಿಷದಲ್ಲಿದೆ. ಅವಳು ತನ್ನ ಫೋನು ತೆಗೆದು ಮೇಜಿನ ಮಧ್ಯೆ ಇಟ್ಟಳು, ಹತ್ತು ಅಂಕಿ ಬೀಳದೆ ಮುಂದೆ ಹೋಗದ ಕಂಪ್ಯೂಟರಿನ ಕಥೆ ಹೇಳಿದಳು, ಮನೆಯಲ್ಲಿ ಗೊತ್ತಿಲ್ಲ ಎಂದವರ ಕಥೆ ಹೇಳಿದಳು, ಅಂಥ ಮೂವತ್ತೇಳು ಜನರ ಖಾನೆಯಲ್ಲಿ ತನ್ನದೇ ನಂಬರು ಹಾಕಿದ್ದನ್ನು ಹೇಳಿದಳು. ಈ ನಂಬರು ಆ ಮೂವತ್ತೇಳು ಹೆಸರಿನ ಪಕ್ಕ ಇರುವುದು ಲೋಕದಲ್ಲಿ ಒಂದೇ ಒಂದು ಪಟ್ಟಿಯಲ್ಲಿ ಮೇಡಂ, ಅದು ನನ್ನ ಪಟ್ಟಿ, ಹತ್ತು ನಿಮಿಷ ಕಾಯ್ತೀರಾ ಎಂದು ಕೇಳಿದಳು.

ಬಾಮೈದ ಮೆಲ್ಲಗೆ ಜೇಬಿಗೆ ಕೈ ಹಾಕಿದ. ಒಂದು ಫೋನ್ ಮಾಡಿ ಬರ್ತೀನಿ ಎಂದು ಎದ್ದ. ಅಧಿಕಾರಿ ತಲೆ ಎತ್ತದೆಯೇ, ಕೂತ್ಕೊಳ್ಳಿ, ಎಲ್ಲರ ಫೋನೂ ಮೇಜಿನ ಮೇಲಿರಲಿ ಎಂದರು. ಅವನು ಕುಳಿತ. ಆ ಹತ್ತು ನಿಮಿಷ ಅವಳ ಜೀವಮಾನದಲ್ಲೇ ಉದ್ದವಾದದ್ದು. ಇವತ್ತು ಬರದಿದ್ದರೆ? ಹಳೆಯ ಸಂದೇಶಗಳು ಫೋನಿನಲ್ಲಿ ಇವೆ, ನಿಜ, ಆದರೆ ಅವಳೇ ಬರೆದುಕೊಂಡಿದ್ದಾಳೆ ಎನ್ನಲು ಬಾಮೈದನಿಗೆ ಎಷ್ಟು ಹೊತ್ತು? ಕಿಟಕಿಯ ಆಚೆ ಯಾರೋ ಶಾಲೆಯ ಬೆಂಚುಗಳನ್ನು ಮತಗಟ್ಟೆಗೆಂದು ಸಾಗಿಸುತ್ತಿದ್ದರು, ಎಳೆದ ಸದ್ದು ಹಲ್ಲಿನ ಬುಡದಲ್ಲಿ ಕೇಳಿಸುತ್ತಿತ್ತು. ತನ್ನ ಕೆಲಸ ಹೋಯಿತೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ವಿಚಿತ್ರವೆಂದರೆ ಅದು ನೋಯಿಸುತ್ತಿರಲಿಲ್ಲ. ನಾಳೆ ಎಲ್ಲಿ ಹೋಗಬೇಕು ಎಂಬ ಯೋಚನೆಗಿಂತ ಫೋನಿಗೆ ಚಾರ್ಜು ಸಾಲುತ್ತದೆಯೇ ಎಂಬ ಯೋಚನೆಯೇ ದೊಡ್ಡದಾಗಿತ್ತು.

ಹನ್ನೊಂದೂವರೆಗೆ ಫೋನು ಗುರ್ ಎಂದಿತು. ಮೇಜಿನ ಮೇಲೆ ಒಂದು ಬೆರಳಿನಷ್ಟು ಸರಿಯಿತು. ಮತ್ತೆ ಗುರ್, ಮತ್ತೆ ಒಂದು ಬೆರಳು. ಅಧಿಕಾರಿ ಅದನ್ನು ಎತ್ತಿಕೊಂಡು, ಮೊದಲನೆಯದು ಎಂದು ಗುಮಾಸ್ತನಿಗೆ ಹೇಳಿ ಹೆಸರು ಓದಲು ಬಾಯಿ ತೆರೆದರು. ಅವಳು ಯೋಚಿಸಲಿಲ್ಲ, ಕೈ ಚಾಚಿ ಪರದೆಯ ಮೇಲೆ ಅಂಗೈ ಇಟ್ಟುಬಿಟ್ಟಳು. ಅಧಿಕಾರಿಯ ಕೈಯಲ್ಲಿದ್ದ ಫೋನಿನ ಮೇಲೆ ಕೈ ಇಡುವ ಧೈರ್ಯ ಎಲ್ಲಿಂದ ಬಂತೋ.

"ಓದಬೇಡಿ ಮೇಡಂ. ಎಣಿಸಿ ಸಾಕು. ಒಂದು ಸಲ ಹೊರಗೆ ಹಾಕಿದ್ದು ನಾನು, ಇನ್ನೊಂದು ಸಲ ಆಗೋದು ಬೇಡ."

ಅಧಿಕಾರಿ ಅವಳ ಮುಖವನ್ನು ದೀರ್ಘವಾಗಿ ನೋಡಿ, ಫೋನನ್ನು ಬೋರಲಾಗಿ ಮೇಜಿನ ಮೇಲಿಟ್ಟರು. ಗುಮಾಸ್ತನಿಗೆ ಎಣಿಸಲು ಹೇಳಿದರು. ಅವನು ಗೀಟು ಎಳೆದ, ನಾಲ್ಕು ಗೀಟು ಆದ ಮೇಲೆ ಒಂದು ಅಡ್ಡ ಗೀಟು. ಹದಿನೈದರ ಹೊತ್ತಿಗೆ ಅವನಿಗೆ ತಡೆಯಲಾಗದೆ ಗಟ್ಟಿಯಾಗಿಯೇ ಎಣಿಸತೊಡಗಿದ. ಇಪ್ಪತ್ತು. ಇಪ್ಪತ್ತೊಂದು. ಫೋನು ನಡುಗುತ್ತ ನಡುಗುತ್ತ ಬಾಮೈದನ ಕಡೆಗೇ ತೆವಳುತ್ತಿತ್ತು, ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಪ್ರತಿ ಗುರ್ ಸದ್ದಿಗೂ ಅವಳಿಗೆ ಯಾರು ಎಂದು ಮುಖ ಕಾಣುತ್ತಿತ್ತು, ಬೆಂಚಿನಲ್ಲಿ ಜಾಗ ಬಿಟ್ಟು ಕುಳಿತವರು ಒಬ್ಬೊಬ್ಬರಾಗಿ ಬಂದು ಈ ಕೋಣೆಯಲ್ಲಿ ತನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದಾರೆ ಅನ್ನಿಸಿತು. ಬೈಯಲು ಬಂದರೋ, ಬೆಂಬಲಕ್ಕೆ ಬಂದರೋ, ಬಂದರಲ್ಲ. ಅವಳಿಗೆ ಸಂತೋಷವಾಯಿತು. ಇಂಥ ಸ್ಥಿತಿಯಲ್ಲಿ ಸಂತೋಷಪಡುವುದು ತಪ್ಪೇನೋ ಎಂದು ಒಂದು ಕ್ಷಣ ಯೋಚಿಸಿ, ತಪ್ಪಾದರೆ ಆಗಲಿ ಎಂದುಕೊಂಡಳು. ಮೂವತ್ತೆಂಟು ಎಂದು ಗುಮಾಸ್ತ ಪೆನ್ನು ಕೆಳಗಿಟ್ಟ.

ಅಷ್ಟರಲ್ಲಿ ಅಧಿಕಾರಿ ಫಾರಂಗಳ ಕಟ್ಟನ್ನು ತಮ್ಮತ್ತ ಎಳೆದುಕೊಂಡಿದ್ದರು. ನಂಬರಿನ ಖಾನೆಯ ಮೇಲೆ ಮಾತ್ರ ಬೆರಳಿಟ್ಟು, ಹೆಸರಿನ ಮೇಲೆ ಒಂದು ಹಾಳೆ ಮುಚ್ಚಿಕೊಂಡು ಸರಸರ ಮಗುಚುತ್ತ ಹೋದರು. ಅವಳ ನಂಬರು ಸಿಕ್ಕಿದ ಕಡೆಯೆಲ್ಲ ಕಾಗದದ ಚೂರು ಸಿಗಿಸಿದರು. ಹತ್ತು ಚೂರು ಆಗುವಷ್ಟರಲ್ಲೇ ಸಾಕೆನಿಸಿತೇನೋ, ಕನ್ನಡಕ ಇಳಿಸಿ, ಇಷ್ಟು ಜನ ಒಂದೇ ಫೋನು ಇಟ್ಕೊಂಡು ಪಾರ್ಕಿಗೆ ಬಂದಿದ್ರಾ ಎಂದು ಬಾಮೈದನನ್ನು ಕೇಳಿದರು. ಆಮೇಲೆ ಅವಳ ಹೆಸರಿನ ಫಾರಮ್ಮನ್ನು ಅವಳ ಕೈಯಿಂದಲೇ ತೆಗೆಸಿ, ಇದು ನಿಮ್ಮ ಸಹಿಯೇ ಎಂದರು. ನನ್ನ ಸಹಿ ಇಷ್ಟು ಚೆನ್ನಾಗಿಲ್ಲ ಮೇಡಂ ಎಂದಳು ಅವಳು, ಗುಮಾಸ್ತ ನಗು ತಡೆಯಲು ಕೆಮ್ಮಿದ. ದಾಖಲೆಗೆ ಒಂದಾದರೂ ಸಂದೇಶ ಪೂರ್ತಿ ಬರೆದುಕೊಳ್ಳಬೇಕಿತ್ತು. ಯಾರದನ್ನು ಓದುವುದು? ನನ್ನದನ್ನು ಬರಕೊಳ್ಳಿ, ನಾನೇ ಓದ್ತೀನಿ ಎಂದು ಅವಳು ಫೋನು ತೆಗೆದುಕೊಂಡಳು. ಪ್ರಿಯ ಸಹೋದರಿ, ಕೂದಲು ಉದುರಿ ತಲೆಯಲ್ಲಿ ಬೋಳು ಮಚ್ಚೆಗಳಾದ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ನಾನು ಗೆದ್ದರೆ ನಿಮ್ಮ ಔಷಧಿ ಉಚಿತ, ನಿಮ್ಮ ಅಣ್ಣನಿಗೆ ಮತ ಕೊಡಿ. ಡಾಕ್ಟರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ ಅದು, ಆರು ವರ್ಷದಿಂದ ಚೌರಿ ಸೇರಿಸಿ ಕಟ್ಟಿದ ತುರುಬನ್ನು ಅವಳ ಅತ್ತೆ ಮದುವೆ ಮನೆಗಳಲ್ಲಿ ಎಲ್ಲರಿಗೂ ತೋರಿಸಿ ಮೆಚ್ಚಿಸುತ್ತಿದ್ದರು. ಬೋಳು ಮಚ್ಚೆ ಅಂತಾನೇ ಬರೀಲಾ ಅಮ್ಮ ಎಂದು ಗುಮಾಸ್ತ ಸಂಕೋಚದಿಂದ ಕೇಳಿದ. ಹಾಗೇ ಬರೀರಿ ಎಂದಳು. ತನ್ನ ಬಾಯಿಂದ ತಾನೇ ಹೇಳಿದ್ದರಿಂದಲೋ ಏನೋ, ಅದು ಅಷ್ಟೇನೂ ದೊಡ್ಡ ವಿಷಯವಾಗಿ ಕೇಳಿಸಲಿಲ್ಲ.

ಆಗ ಅಡುಗೆಯಮ್ಮ ಕೈಚೀಲವನ್ನು ಪಕ್ಕಕ್ಕಿಟ್ಟು ಎದ್ದರು. ರವಿಕೆಯ ತೋಳನ್ನು ಮೊಣಕೈಯಿಂದ ಮೇಲಕ್ಕೆ, ಯಾವ ಅವಸರವೂ ಇಲ್ಲದೆ ಮಡಚಿದರು. ಅಲ್ಲಿದ್ದವರಿಗೆಲ್ಲ ಕಾಣಲಿ ಎಂದು ತೋಳು ಮುಂದೆ ಚಾಚಿದರು.

"ಡಾಕ್ಟ್ರೇ, ಇದು ಅಂಟುತ್ತಾ? ಹೇಳಿ, ಪರವಾಗಿಲ್ಲ. ಕೇಳ್ತಿರೋದು ನಾನೇ."

ಡಾಕ್ಟರ ಕೈಯಲ್ಲಿದ್ದ ಪೆನ್ನು ನಿಂತಿತು. ಅವರು ಅಡುಗೆಯಮ್ಮನ ತೋಳನ್ನು ನೋಡಿದರು, ಕಣ್ಣು ನೋಡಿದರು. ಇಲ್ಲ ತಾಯಿ, ಅಂಟಲ್ಲ, ಮುಟ್ಟಿದರೂ ಅಂಟಲ್ಲ, ಒಟ್ಟಿಗೆ ಉಂಡರೂ ಅಂಟಲ್ಲ ಎಂದರು. ಕೊನೆಗೆ, ನಾನು ಇದನ್ನು ಮೊದಲ ದಿನವೇ ಹಾಸ್ಟೆಲಿಗೆ ಹೋಗಿ ಹೇಳಬೇಕಿತ್ತು ಎಂದರು, ಅದನ್ನು ಯಾರೂ ಕೇಳಿರಲಿಲ್ಲ. ಅಧಿಕಾರಿ ಅದನ್ನೂ ಬರೆಸಿ ಡಾಕ್ಟರ ಸಹಿ ಹಾಕಿಸಿದರು. ಸಂದೇಶಗಳು ಈ ಗಳಿಗೆಯಿಂದ ನಿಲ್ಲಬೇಕು, ಫಾರಂಗಳು ಇಲ್ಲೇ ಉಳಿಯುತ್ತವೆ, ಪಟ್ಟಿಯಿರುವ ಪೆನ್ ಡ್ರೈವು ಇವತ್ತೇ ಇಲ್ಲಿಗೆ ಬರಬೇಕು, ಅಭ್ಯರ್ಥಿ ನಾಳೆ ಬಂದು ಉತ್ತರ ಕೊಡಬೇಕು ಎಂದು ಆಜ್ಞೆ ಬರೆದರು. ಬಾಮೈದ ಬಾಲ ಮುದುರಿಕೊಂಡು ಸಹಿ ಹಾಕಿದ, ಅಕ್ಕ ಎಂದು ಕರೆಯಲಿಲ್ಲ. ಅವಳ ಕಡೆ ತಿರುಗಿ ಅಧಿಕಾರಿ, ನಿಮ್ಮ ಮೇಲೂ ಕ್ರಮ ಆಗಬಹುದು, ತಿಳಿದಿರಲಿ ಎಂದರು. ಆಗಲಿ ಮೇಡಂ, ಆಗಬೇಕಾದ್ದೇ ಎಂದಳು. ಆಮೇಲೆ ಅವರು ಹಾಸ್ಟೆಲಿನ ನಂಬರಿಗೆ ತಾವೇ ಫೋನ್ ಮಾಡಿದರು. ನಿಮಗೆ ಆಜ್ಞೆ ಮಾಡುವ ಅಧಿಕಾರ ನನಗಿಲ್ಲ, ಆದರೆ ಇನ್ನೊಬ್ಬರಿಗೆ ಬಂದ ಸಂದೇಶ ಓದಿ ಅವರ ಅನ್ನ ಕಿತ್ತುಕೊಂಡವರ ಹೆಸರು ನಾನು ಬರೆಯುವ ವರದಿಯಲ್ಲಿ ಬರುತ್ತೆ, ಹೇಗೆ ಬರಬೇಕು ಅನ್ನೋದನ್ನ ನೀವೇ ಯೋಚನೆ ಮಾಡಿ ಎಂದು ಮೃದುವಾಗಿ ಹೇಳಿದರು. ಆ ಕಡೆಯಿಂದ ಬಹಳ ಹೊತ್ತು ವಿವರಣೆ ಬಂತು. ನಾಳೆ ಬೆಳಿಗ್ಗೆಯಿಂದ ಬರಲಿ ಅಂತಿದಾರೆ ಎಂದು ಅಧಿಕಾರಿ ಫೋನಿನ ಬಾಯಿ ಮುಚ್ಚಿ ಅಡುಗೆಯಮ್ಮನಿಗೆ ಹೇಳಿದರು. ಅಡುಗೆಯಮ್ಮ ತೋಳು ಇಳಿಸದೆ, ನಾಳೆ ಯಾಕೆ, ಇವತ್ತು ಸಂಜೆಯೇ ಬರ್ತೀನಿ ಅಂತ ಹೇಳಿ ಎಂದರು.

ಮೆಟ್ಟಿಲಿಳಿಯುವಾಗ ಡಾಕ್ಟರು ಅವಳ ಪಕ್ಕ ನಿಂತು, ಕ್ಲಿನಿಕ್ಕಿನ ಬೀಗದ ಕೈ ಎಂದು ಅಂಗೈ ಚಾಚಿದರು. ಅವಳು ಸೆರಗಿನ ತುದಿಯಿಂದ ಬಿಚ್ಚಿ ಅವರ ಕೈಗೆ ಹಾಕಿದಳು. ಅವರು ಏನಾದರೂ ಹೇಳುತ್ತಾರೆಂದು ಕಾಯಲಿಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ಅಡುಗೆಯಮ್ಮ ನಿಂತಿದ್ದರು. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಗುರುವಾರ ನಾನು ಕೇಳಿದಾಗ ಗೊತ್ತಿಲ್ಲ ಅಂದಿರಿ, ಅದು ಹೋಗೋಕೆ ಎಷ್ಟು ದಿನ ಬೇಕೋ ಗೊತ್ತಿಲ್ಲ ಎಂದರು. ಇರಲಿ ಎಂದಳು ಅವಳು. ಅಡುಗೆಯಮ್ಮ ಸ್ವಲ್ಪ ದೂರ ಹೋಗಿ ತಿರುಗಿ ನಿಂತು, ಸಂಜೆ ಏಳಕ್ಕೆ ಹಾಸ್ಟೆಲಿಗೆ ಬನ್ನಿ, ಊಟ ಅಲ್ಲೇ ಮಾಡಿ ಎಂದು ಹೇಳಿ ಹೋದರು. ಮಧ್ಯಾಹ್ನವೆಲ್ಲ ಅವಳು ಮನೆಯಲ್ಲಿ ಸುಮ್ಮನೆ ಕುಳಿತಿದ್ದಳು. ಗಂಡ ಪೂರ್ತಿ ಕೇಳಿದ, ಬೈಯಲಿಲ್ಲ, ಕೊನೆಗೆ, ಎಷ್ಟು ಬಂತು ಅಂದೆ, ಮೂವತ್ತೆಂಟಾ ಎಂದು ಇನ್ನೊಮ್ಮೆ ಕೇಳಿ, ಯಾರಿಗೂ ಹೇಳದ ಹಾಗೆ ಒಬ್ಬನೇ ನಕ್ಕ.

ಹಾಸ್ಟೆಲಿನ ಊಟದ ಮನೆ ಉದ್ದವಾಗಿತ್ತು, ಎರಡು ಸಾಲು ಮೇಜು, ಅರವತ್ತು ತಟ್ಟೆ. ಹುಡುಗಿಯರು ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದರು, ಒಬ್ಬರೂ ಮುಂದೆ ಬರುತ್ತಿರಲಿಲ್ಲ. ವಾರ್ಡನ್ ಮೇಡಂ ಬಾಗಿಲಲ್ಲಿ ನಿಂತು ಯಾರನ್ನೂ ನೋಡದೆ ಇರಲು ಕಷ್ಟಪಡುತ್ತಿದ್ದರು. ಬಡಿಸುವ ಕಟ್ಟೆಯ ಹಿಂದೆ ಅಡುಗೆಯಮ್ಮ, ತೋಳು ಮೊಣಕೈ ಮೇಲಕ್ಕೆ ಮಡಚಿದ ರವಿಕೆಯಲ್ಲಿ, ಸೌಟು ಹಿಡಿದು ನಿಂತಿದ್ದರು. ಹೊಟ್ಟೇಳುವ ಆ ಕೆಂಪು ಜಾಗ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಕುಕ್ಕರಿನಿಂದ ಹಬೆ ಏಳುತ್ತಿತ್ತು. ತಾನು ಯಾಕೆ ಬಂದಿದ್ದೇನೆಂದು ಅವಳಿಗೆ ಆಗ ಅರ್ಥವಾಯಿತು. ಅವಳು ಗೋಡೆಯ ಪಕ್ಕದ ರಾಶಿಯಿಂದ ಒಂದು ತಟ್ಟೆ ಎತ್ತಿಕೊಂಡು, ಅರವತ್ತು ಜೋಡಿ ಕಣ್ಣುಗಳ ಮುಂದೆ ಆ ಉದ್ದದ ಕೋಣೆಯನ್ನು ದಾಟಿ ಹೋಗಿ ಕಟ್ಟೆಯ ಮುಂದೆ ಹಿಡಿದಳು. ಬಿಸಿ ಅನ್ನ ಬಿತ್ತು, ಅದರ ಮೇಲೆ ಬೇಯಿಸಿದ ತರಕಾರಿ. ಹತ್ತಿರದ ಮೇಜಿಗೆ ಹೋಗುವ ತಾಳ್ಮೆ ಅವಳಿಗಿರಲಿಲ್ಲ, ಅಲ್ಲೇ ನಿಂತು ಕಲಸಿ ಬಾಯಿಗಿಟ್ಟಳು. ಬಾಯಿ ಸುಟ್ಟಿತು, ಉಪ್ಪು ಖಾರ ಹದವಾಗಿತ್ತು, ಬೆಳಗಿನಿಂದ ತಾನು ಏನೂ ತಿಂದಿಲ್ಲವೆಂದು ಹೊಟ್ಟೆಗೆ ಆಗ ನೆನಪಾಯಿತು. ಗಬಗಬ ತಿಂದಳು. ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಅಲ್ಲ ಎಂದು ಅವಳಿಗೂ ಗೊತ್ತು, ಎದುರಿದ್ದವರಿಗೂ ಗೊತ್ತು. ಇನ್ನೊಂದು ಸೌಟು ಹಾಕಿ ಎಂದು ತಟ್ಟೆ ಮತ್ತೆ ಚಾಚಿದಳು. ಅವಳ ಬೆನ್ನ ಹಿಂದೆ ಯಾರೋ ಚಪ್ಪಲಿ ಎಳೆದುಕೊಂಡು ಬಂದು ನಿಂತ ಸದ್ದಾಯಿತು, ಅವರ ಹಿಂದೆ ಇನ್ನೊಬ್ಬರು, ಆಮೇಲೆ ತಟ್ಟೆಗೆ ತಟ್ಟೆ ತಾಗುವ ಸದ್ದು ಗೋಡೆಯುದ್ದಕ್ಕೂ ಹಬ್ಬಿತು. ಅಡುಗೆಯಮ್ಮ ಅವಳ ತಟ್ಟೆಗೆ ಇನ್ನೊಂದು ಸೌಟು ಹಾಕಿ, ಸಾಲಿನ ಉದ್ದವನ್ನು ಒಮ್ಮೆ ನೋಡಿದರು.

"ಪಕ್ಕಕ್ಕೆ ಸರಿದು ತಿನ್ನಿ ಕೌಂಟರಮ್ಮ," ಎಂದರು. "ನಾನಿನ್ನೂ ಅರವತ್ತು ಜನಕ್ಕೆ ಬಡಿಸಬೇಕು."